ಕಲ್ಯಾಣದ ಸಂನ್ಯಾಸಿ, ಮಳಖೇಡದ ಮುನಿ ಮತ್ತು ಮನೆಯ ಆಸ್ತಿ

ಹುಮನಾಬಾದಿನಲ್ಲಾಗಲಿ ಬಸವಕಲ್ಯಾಣದಲ್ಲಾಗಲಿ, ಉಪನೋಂದಣಾಧಿಕಾರಿಯ ಕಚೇರಿಯ ಮುಂದೆ ಪತ್ರ ಬರೆಯುವವರ ಮೇಜಿನ ಸುತ್ತ ಒಂದು ಕುಟುಂಬ ನೆರೆದಿದೆಯೆಂದರೆ ಅಲ್ಲಿ ಎರಡು ಮಾತುಗಳು ಕೇಳಿಬರುತ್ತವೆ: 'ಇದು ಹಿರಿಯರಿಂದ ಬಂದದ್ದು', 'ಇದು ಅಪ್ಪ ತಾನೇ ದುಡಿದು ಮಾಡಿದ್ದು'. ವಾಟ್ನಿ ಪತ್ರವಿರಲಿ, ಹಕ್ಕು ಬಿಡುಗಡೆ ಪತ್ರವಿರಲಿ, ಮೃತ್ಯುಪತ್ರವಿರಲಿ, ಎಲ್ಲವೂ ಈ ಎರಡು ಮಾತುಗಳ ನಡುವಣ ವ್ಯತ್ಯಾಸದ ಮೇಲೆಯೇ ನಿಂತಿವೆ. ಆ ವ್ಯತ್ಯಾಸವನ್ನು ಶಾಸ್ತ್ರದ ಖಚಿತತೆಯಲ್ಲಿ ನಿರೂಪಿಸಿದ ಗ್ರಂಥ ಹುಟ್ಟಿದ್ದು ಇದೇ ಕಲ್ಯಾಣದಲ್ಲಿ, ಒಂಬತ್ತು ಶತಮಾನಗಳ ಹಿಂದೆ ಎಂಬುದನ್ನು ಅಲ್ಲಿ ನೆರೆದವರು ನೆನೆಯುವುದು ಅಪರೂಪ. ಬಸವಕಲ್ಯಾಣವೆಂದರೆ ಅನುಭವಮಂಟಪ ನೆನಪಾಗುತ್ತದೆ, ಬಿಜ್ಜಳ ನೆನಪಾಗುತ್ತಾನೆ, ಕೋಟೆ ನೆನಪಾಗುತ್ತದೆ. ವಿಜ್ಞಾನೇಶ್ವರ ನೆನಪಾಗುವುದಿಲ್ಲ. ಭಾರತದ ಬಹುಭಾಗದ ಮನೆಮನೆಯ ಪಾಲನ್ನು ನಿರ್ಣಯಿಸಿದ ಕನ್ನಡ ನಾಡಿನ ವಿದ್ವಾಂಸನಿಗೆ ಇದು ತೀರಾ ಕಡಿಮೆ ಮನ್ನಣೆ.

ವಿಜ್ಞಾನೇಶ್ವರನು ಕಲ್ಯಾಣ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (ಕ್ರಿ.ಶ. ೧೦೭೬-೧೧೨೬) ಕಾಲದವನು. ಇಂದಿನ ಕಲಬುರಗಿ ಜಿಲ್ಲೆಯ ಮರ್ತೂರು ಅವನ ಊರೆಂದು ಶಾಸನಾಧಾರದಿಂದ ವಿದ್ವಾಂಸರು ಗುರುತಿಸುತ್ತಾರೆ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ 'ಮಿತಾಕ್ಷರಾ' ಎಂಬ ವ್ಯಾಖ್ಯಾನದ ಕೊನೆಯಲ್ಲಿ ಕಲ್ಯಾಣದಂಥ ಪುರವಿಲ್ಲ, ವಿಕ್ರಮಾರ್ಕನಂಥ ದೊರೆಯಿಲ್ಲ, ವಿಜ್ಞಾನೇಶ್ವರನಂಥ ಪಂಡಿತನಿಲ್ಲವೆಂಬ ಅಭಿಮಾನದ ಶ್ಲೋಕವೊಂದಿದೆ. ಅದೇ ಗ್ರಂಥದ ಸಮಾಪ್ತಿವಾಕ್ಯ ಅವನನ್ನು ಪದ್ಮನಾಭ ಭಟ್ಟೋಪಾಧ್ಯಾಯನ ಮಗನೆಂದೂ ಪರಮಹಂಸ ಪರಿವ್ರಾಜಕಾಚಾರ್ಯನೆಂದೂ ಕರೆಯುತ್ತದೆ. ಮನೆ ಮಠ, ಹೊಲ ಗದ್ದೆ ಎಲ್ಲವನ್ನೂ ಬಿಟ್ಟುಹೋದ ಪರಿವ್ರಾಜಕನೊಬ್ಬ ಅಣ್ಣತಮ್ಮಂದಿರ ಪಾಲಿನ ಬಗ್ಗೆ ಅಷ್ಟು ಸೂಕ್ಷ್ಮವಾಗಿ ಬರೆದನೆಂಬುದು ವಿಚಿತ್ರವೆನಿಸಬಹುದು. ಬಿಟ್ಟವನಿಗೇ ಅದರ ಲೆಕ್ಕ ನಿಷ್ಪಕ್ಷಪಾತವಾಗಿ ಕಾಣುತ್ತದೆಯೆಂದೂ ಹೇಳಬಹುದು.

ಅವನ ಮುಖ್ಯ ಪ್ರಶ್ನೆ ಸರಳ: ತಂದೆಯ ಆಸ್ತಿ ಮಗನದಾಗುವುದು ಯಾವಾಗ? ತಂದೆ ಸತ್ತ ಮೇಲೆಯೇ, ಪಾಲಾದ ಮೇಲೆಯೇ, ಇಲ್ಲವೇ ಮಗ ಹುಟ್ಟಿದೊಡನೆಯೇ? ಹುಟ್ಟಿದೊಡನೆಯೇ ಎಂಬುದು ಅವನ ಉತ್ತರ. ತಾತ ಮುತ್ತಾತಂದಿರಿಂದ ಬಂದ ಆಸ್ತಿಯಲ್ಲಿ ತಂದೆಗೂ ಮಗನಿಗೂ ಸಮಾನ ಸ್ವಾಮ್ಯವಿದೆ. ಅದು ತಡೆಯಿಲ್ಲದೆ ಬರುವ 'ಅಪ್ರತಿಬಂಧ ದಾಯ'. ಚಿಕ್ಕಪ್ಪನೋ ಅಣ್ಣನೋ ಮಕ್ಕಳಿಲ್ಲದೆ ತೀರಿಕೊಂಡಾಗ ಬರುವುದು 'ಸಪ್ರತಿಬಂಧ ದಾಯ'. ಆ ಮನುಷ್ಯ ಬದುಕಿರುವವರೆಗೆ ಅದಕ್ಕೆ ಅವನೇ ತಡೆ. ಬಂಗಾಳದ ಜೀಮೂತವಾಹನ ತನ್ನ 'ದಾಯಭಾಗ'ದಲ್ಲಿ ಇದನ್ನು ಒಪ್ಪಲಿಲ್ಲ. ತಂದೆಯ ಸ್ವಾಮ್ಯ ಅಳಿದ ಮೇಲೆಯೇ ಮಗನ ಸ್ವಾಮ್ಯ ಹುಟ್ಟುವುದೆಂದು ಅವನು ವಾದಿಸಿದ. ಹೆನ್ರಿ ಕೋಲ್‌ಬ್ರೂಕ್ ೧೮೧೦ರಲ್ಲಿ ಈ ಎರಡನ್ನೂ ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸಿದ ಮೇಲೆ ಬ್ರಿಟಿಷ್ ನ್ಯಾಯಾಲಯಗಳ ದೃಷ್ಟಿಯಲ್ಲಿ ಹಿಂದೂ ಭಾರತ ಎರಡು ಪಂಥಗಳಾಗಿ ಒಡೆಯಿತು. ಬಂಗಾಳ ಮತ್ತು ಅಸ್ಸಾಮ್ ಜೀಮೂತವಾಹನನ ಪಾಲಿಗೆ ಬಂದವು. ಉಳಿದದ್ದು ಬಹುಮಟ್ಟಿಗೆ ಕಲ್ಯಾಣದ ಸಂನ್ಯಾಸಿಯದಾಯಿತು.

ಜನ್ಮಸ್ವತ್ವವೆಂಬ ಈ ತತ್ತ್ವವನ್ನು ಇಂದಿನ ಮಾತಿನಲ್ಲಿ ಕುಟುಂಬದ ರಕ್ಷಣೆ ಎನ್ನಬಹುದು. ತಂದೆ ಕುಡುಕನಾಗಲಿ, ಜೂಜುಗಾರನಾಗಲಿ, ಎರಡನೆಯ ಹೆಂಡತಿಯ ಮಾತಿಗೆ ಕುಣಿಯುವವನಾಗಲಿ, ಹಿರಿಯರ ಹೊಲವನ್ನು ತನಗೆ ತೋಚಿದಂತೆ ಕೊಟ್ಟುಬಿಡಲಾರ. ಆಪತ್ತು ಬಂದಾಗ, ಕುಟುಂಬದ ಅಗತ್ಯಕ್ಕಾಗಿ, ಅವಶ್ಯವಾದ ಧರ್ಮಕಾರ್ಯಕ್ಕಾಗಿ ಮಾತ್ರ ಸ್ಥಾವರವನ್ನು ಪರಭಾರೆ ಮಾಡಬಹುದು. ಈಗಿರುವ ಮಕ್ಕಳಷ್ಟೇ ಅಲ್ಲ, ಇನ್ನೂ ಹುಟ್ಟದವರೂ ವೃತ್ತಿಯನ್ನು ಬಯಸುತ್ತಾರೆಂಬ ಸ್ಮೃತಿಯ ಮಾತನ್ನು ಅವನು ಇಲ್ಲಿ ಎತ್ತಿಕೊಳ್ಳುತ್ತಾನೆ.

ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಸ್ವಾಮ್ಯವೆಂಬುದು ಶಾಸ್ತ್ರದಿಂದ ತಿಳಿಯುವುದೋ ಲೋಕವ್ಯವಹಾರದಿಂದ ತಿಳಿಯುವುದೋ ಎಂಬ ಚರ್ಚೆಯಲ್ಲಿ ವಿಜ್ಞಾನೇಶ್ವರ ಲೋಕದ ಪಕ್ಷ ವಹಿಸುತ್ತಾನೆ. ಶಾಸ್ತ್ರದ ಗಂಧವಿಲ್ಲದ ಗಡಿನಾಡಿನ ಜನರೂ ಕೊಳ್ಳುತ್ತಾರೆ, ಮಾರುತ್ತಾರೆ, ತಮ್ಮದೆನ್ನುತ್ತಾರೆ. ಆದ್ದರಿಂದ ಸ್ವತ್ವ ಲೌಕಿಕ. ಭೂಮಿ ಕೈಬದಲಾಗುವ ಕ್ರಮವನ್ನು ಹೇಳುವಾಗಲೂ ಅವನ ಕಣ್ಣು ವ್ಯವಹಾರದ ಮೇಲೆಯೇ ಇದೆ. ಊರಿನ, ಜ್ಞಾತಿಗಳ, ನೆರೆಯವರ, ದಾಯಾದಿಗಳ ಅನುಮತಿ, ಜೊತೆಗೆ ಹೊನ್ನು ಮತ್ತು ನೀರು: ಈ ಆರರಿಂದ ಭೂಮಿ ಹಸ್ತಾಂತರವಾಗುತ್ತದೆಂಬ ಸ್ಮೃತಿವಚನವನ್ನು ಎತ್ತಿಕೊಂಡು, ಊರಿನವರ ಅನುಮತಿ ಬೇಕಾದದ್ದು ವ್ಯವಹಾರ ಪ್ರಕಾಶಕ್ಕೆ ಬರಲೆಂದು, ನೆರೆಯವರದು ಎಲ್ಲೆಯ ಜಗಳ ಬಾರದಿರಲೆಂದು ವಿವರಿಸುತ್ತಾನೆ. ಇಂದಿನ ನೋಂದಣಿ, ಚೆಕ್ಕುಬಂದಿ, ಸಾಕ್ಷಿಗಳ ಸಹಿ ಮಾಡುವ ಕೆಲಸವೂ ಇದಲ್ಲದೆ ಬೇರೆಯಲ್ಲ.

ಆದರೆ ಹುಟ್ಟಿನಿಂದ ಬರುವ ಈ ಹಕ್ಕು ಗಂಡುಮಕ್ಕಳದು. ಹೆಣ್ಣಿನ ವಿಷಯದಲ್ಲಿ ವಿಜ್ಞಾನೇಶ್ವರನನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವುದೂ ನ್ಯಾಯವಲ್ಲ, ಹೊಗಳುವುದೂ ಸಲ್ಲ. ಮದುವೆಯಾಗದ ಮಗಳಿಗೆ ನಾಲ್ಕನೆಯ ಒಂದು ಅಂಶ ಕೊಡಬೇಕೆಂಬ ವಚನವನ್ನು ಕೆಲವರು ಮದುವೆಯ ಖರ್ಚಿಗಷ್ಟೇ ಇಳಿಸಿದ್ದರು. ಅವನು ಅದನ್ನು ನಿರಾಕರಿಸಿ, ಅವಳು ಗಂಡಾಗಿದ್ದರೆ ಬರುತ್ತಿದ್ದ ಪಾಲಿನ ನಾಲ್ಕನೆಯ ಒಂದು ಭಾಗ ಅವಳ ಹಕ್ಕೆಂದು ವಾದಿಸಿದ. ವಿಭಕ್ತನಾಗಿದ್ದು ಗಂಡುಸಂತಾನವಿಲ್ಲದೆ ಸತ್ತವನ ಆಸ್ತಿಗೆ ಮೊದಲ ವಾರಸುದಾರಳು ಹೆಂಡತಿ, ಅನಂತರ ಹೆಣ್ಣುಮಕ್ಕಳು ಎಂದು ಧಾರೇಶ್ವರನಂಥ ಹಿಂದಿನವರ ಮತವನ್ನು ಖಂಡಿಸಿ ಸ್ಥಾಪಿಸಿದ. ಸ್ತ್ರೀಧನವೆಂಬ ಮಾತನ್ನಂತೂ ಅವನಷ್ಟು ಅಗಲಿಸಿದವರು ವಿರಳ. ದಾಯವಾಗಿ ಬಂದದ್ದು, ಕೊಂಡದ್ದು, ಪಾಲಿನಲ್ಲಿ ದೊರೆತದ್ದು, ಸಿಕ್ಕಿದ್ದು ಎಲ್ಲವೂ ಹೆಣ್ಣಿನ ಧನವೇ. ಆ ಪದಕ್ಕೆ ಪಾರಿಭಾಷಿಕವಾದ ಇಕ್ಕಟ್ಟಿನ ಅರ್ಥ ಬೇಡ, ಅವಯವಾರ್ಥವೇ ಸಾಕು ಎಂಬುದು ಅವನ ನಿಲುವು. ಈ ಅಗಲವನ್ನು ಕಿರಿದುಗೊಳಿಸಿದ್ದು ಲಂಡನ್ನಿನ ಪ್ರಿವಿ ಕೌನ್ಸಿಲ್. ಗಂಡನಿಂದ ದಾಯವಾಗಿ ಬಂದ ಆಸ್ತಿ ವಿಧವೆಯ ಸ್ತ್ರೀಧನವಲ್ಲ, ಅವಳಿಗೆ ಅದರಲ್ಲಿ ಸೀಮಿತ ಹಕ್ಕು ಮಾತ್ರವೆಂದು ೧೮೬೭ರಲ್ಲಿ ಅದು ತೀರ್ಮಾನಿಸಿತು. ಮಿತಾಕ್ಷರಾದ ಹೆಸರಿನಲ್ಲೇ ಮಿತಾಕ್ಷರಾದ ಅಕ್ಷರಕ್ಕೆ ವಿರುದ್ಧವಾಗಿ ವಿಧವೆಯರು ಹಲವು ದಶಕ ಬಾಳಬೇಕಾಯಿತು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯ ೧೪ನೆಯ ಪ್ರಕರಣ ಹೆಣ್ಣಿಗೆ ಪೂರ್ಣಸ್ವಾಮ್ಯ ಕೊಟ್ಟಾಗ ಅದು ಹೊಸ ದಾರಿ ತುಳಿಯಿತೆನ್ನುವುದಕ್ಕಿಂತ ಹಳೆಯ ಕಲ್ಯಾಣದ ಕಡೆಗೆ ತಿರುಗಿತೆನ್ನುವುದೇ ಸರಿ.

ಕಲ್ಯಾಣದಿಂದ ದಕ್ಷಿಣಕ್ಕೆ, ಕಾಗಿಣಾ ನದಿಯ ದಡದಲ್ಲಿ ಮಳಖೇಡವಿದೆ, ರಾಷ್ಟ್ರಕೂಟರ ಮಾನ್ಯಖೇಟ. ವಿಜ್ಞಾನೇಶ್ವರನಿಗಿಂತ ಎರಡು ಶತಮಾನಕ್ಕೂ ಹಿಂದೆ, ಅಮೋಘವರ್ಷ ನೃಪತುಂಗನ (ಕ್ರಿ.ಶ. ೮೧೪-೮೭೮) ಕಾಲದಲ್ಲಿ, ಅವನ ಗುರುವೆಂದು ಪ್ರಸಿದ್ಧರಾದ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ 'ಆದಿಪುರಾಣ'ವನ್ನು ರಚಿಸಿದರು. ಪಂಪನ ಆದಿಪುರಾಣಕ್ಕೆ ಆಕರವಾದ ಗ್ರಂಥವೆಂದು ಕನ್ನಡಿಗರಿಗೆ ಅದು ಪರಿಚಿತ. ಕಾವ್ಯಪ್ರೇಮಿಗಳು ಬೇಗ ದಾಟಿಹೋಗುವ ಅದರ ಮೂವತ್ತೆಂಟನೆಯ ಪರ್ವದಲ್ಲಿ ಭರತ ಚಕ್ರವರ್ತಿ ಗೃಹಸ್ಥನು ಗರ್ಭಾದಿಯಾಗಿ ನಡೆಸಬೇಕಾದ ಐವತ್ತಮೂರು ಕ್ರಿಯೆಗಳನ್ನು ವಿವರಿಸುತ್ತಾನೆ. ಅವುಗಳಲ್ಲಿ ಒಂದು ಗೃಹತ್ಯಾಗ ಕ್ರಿಯೆ.

ಮನೆ ಬಿಡುವ ಶ್ರಾವಕನು ಸಿದ್ಧಪೂಜೆ ಮಾಡಿ, ತನಗೆ ಇಷ್ಟರಾದವರನ್ನೆಲ್ಲ ಕರೆದು, ಅವರ ಸಾಕ್ಷಿಯಾಗಿ ಹಿರಿಯ ಮಗನಿಗೆ ಎಲ್ಲವನ್ನೂ ಒಪ್ಪಿಸಬೇಕು. ನಾನಿಲ್ಲದಾಗ ಕುಲದ ಕ್ರಮವನ್ನು ನೀನು ಪಾಲಿಸಬೇಕು ಎಂದು ಹೇಳಿ ಆಸ್ತಿಯ ವಿನಿಯೋಗವನ್ನು ಸ್ಪಷ್ಟವಾಗಿ ತಿಳಿಸಬೇಕು. ದ್ರವ್ಯವನ್ನು ಮೂರು ಭಾಗ ಮಾಡಬೇಕು: ಒಂದು ಧರ್ಮಕಾರ್ಯಕ್ಕೆ, ಎರಡನೆಯದು ಮನೆಯ ಖರ್ಚಿಗೆ, ಮೂರನೆಯದು ಒಡಹುಟ್ಟಿದವರಲ್ಲಿ ಹಂಚಲಿಕ್ಕೆ. ಆ ಹಂಚಿಕೆಯಲ್ಲಿ ಹೆಣ್ಣುಮಕ್ಕಳೂ ಗಂಡುಮಕ್ಕಳೊಡನೆ ಸಮಾನಾಂಶಕ್ಕೆ ಅರ್ಹರು. ಕೊನೆಯ ಈ ಮಾತು ಒಂಬತ್ತನೆಯ ಶತಮಾನದ್ದು. ಮದುವೆಯಾದವಳು, ಆಗದವಳು ಎಂಬ ಭೇದವಿಲ್ಲ, ಕಾಲಂಶದ ಲೆಕ್ಕವಿಲ್ಲ, ಸಮಾನವೆಂದರೆ ಸಮಾನ.

ಅದೇ ಪರ್ವ ದತ್ತಿಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ: ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ. ನಾಲ್ಕನೆಯದಕ್ಕೆ ಸಕಲದತ್ತಿಯೆಂದೂ ಹೆಸರು. ತನ್ನ ವಂಶದ ಪ್ರತಿಷ್ಠೆಗಾಗಿ ಧರ್ಮವನ್ನೂ ಧನವನ್ನೂ ಒಟ್ಟಿಗೆ ಮಗನಿಗೆ ಒಪ್ಪಿಸಿಬಿಡುವುದು. ಆಸ್ತಿಯನ್ನು ಮುಂದಿನವರಿಗೆ ದಾಟಿಸುವುದನ್ನು ದಾನದ ಸಾಲಿಗೆ ಸೇರಿಸಿದ್ದು ಸಣ್ಣ ಸಂಗತಿಯಲ್ಲ. ವಿಜ್ಞಾನೇಶ್ವರನಲ್ಲಿ ಆಸ್ತಿ ಮಗನಿಗೆ ತಾನಾಗಿ ಬರುತ್ತದೆ. ತಂದೆ ಬಾಯಿ ತೆರೆಯಬೇಕಾದದ್ದಿಲ್ಲ. ಜಿನಸೇನರಲ್ಲಿ ತಂದೆ ಬದುಕಿರುವಾಗಲೇ, ಬುದ್ಧಿ ಸ್ಥಿರವಾಗಿರುವಾಗಲೇ, ನಾಲ್ಕು ಜನರ ಮುಂದೆ ತಾನೇ ಹೇಳಬೇಕು. ಮೊದಲನೆಯದರಲ್ಲಿ ರಕ್ಷಣೆಯಿದೆ, ಆದರೆ ಮಗಳು ಹೊರಗೆ. ಎರಡನೆಯದರಲ್ಲಿ ಮಗಳು ಒಳಗೆ, ಆದರೆ ಹೇಳಬೇಕಾದವನು ಹೇಳದೆ ಹೋದರೆ ಗತಿಯಿಲ್ಲ.

ಹೇಳಿದರೂ ಜಗಳ ತಪ್ಪುತ್ತದೆಂಬ ಭರವಸೆಯೇನೂ ಆದಿಪುರಾಣದಲ್ಲಿಲ್ಲ. ವೃಷಭನಾಥನು ದೀಕ್ಷೆಗೆ ಹೊರಡುವ ಮುನ್ನ ಭರತನಿಗೆ ಅಯೋಧ್ಯೆಯನ್ನೂ ಬಾಹುಬಲಿಗೆ ಪೌದನಪುರವನ್ನೂ ಉಳಿದ ಮಕ್ಕಳಿಗೆ ಬೇರೆ ಬೇರೆ ರಾಜ್ಯಗಳನ್ನೂ ಹಂಚಿಕೊಟ್ಟೇ ಹೋದ. ಆಮೇಲೆ ನಡೆದದ್ದನ್ನು ಶ್ರವಣಬೆಳಗೊಳದ ಬೆಟ್ಟ ಹೇಳುತ್ತಿದೆ. ಆ ಪೌದನಪುರ ತೆಲಂಗಾಣದ ಬೋಧನವೆಂದು ಹಲವು ವಿದ್ವಾಂಸರ ಅಭಿಪ್ರಾಯ. ಹಾಗಿದ್ದರೆ ನಮ್ಮ ಪರಂಪರೆಯ ಅತ್ಯಂತ ಪ್ರಸಿದ್ಧ ದಾಯಾದಿ ಕಲಹದ ನೆಲವೂ ಬೀದರಕ್ಕೆ ಬಹಳ ದೂರದ್ದಲ್ಲ.

ಜಿನಸೇನರ ಮಾತು ಶ್ರಾವಕಧರ್ಮದ ಮಾತು. ನ್ಯಾಯಪೀಠದ ಮುಂದೆ ಇಡಲೆಂದು ಬರೆದದ್ದಲ್ಲ. ಕೋಲ್‌ಬ್ರೂಕನ ಅನುವಾದ ಕೈಯಲ್ಲಿದ್ದ ಇಂಗ್ಲಿಷ್ ನ್ಯಾಯಾಧೀಶರು ಜೈನರನ್ನು ಹಿಂದೂಗಳಲ್ಲೇ ಒಂದು ಪಂಥವೆಂದು ಎಣಿಸಿ, ಬೇರೆ ಆಚಾರವಿದ್ದರೆ ಸಾಬೀತು ಮಾಡಿ ಎಂದರು. ಕೆಲವೊಮ್ಮೆ ಸಾಬೀತಾಯಿತು. ಉತ್ತರದ ಅಗರವಾಲ ಜೈನರ ದಾಖೋ ಮೊಕದ್ದಮೆಯಲ್ಲಿ, ಮಗನಿಲ್ಲದ ವಿಧವೆಗೆ ಗಂಡನ ಸ್ವಯಾರ್ಜಿತದ ಮೇಲೆ ಪೂರ್ಣ ಹಕ್ಕುಂಟು, ಗಂಡನ ಅಪ್ಪಣೆಯಿಲ್ಲದೆಯೂ ಅವಳು ದತ್ತು ತೆಗೆದುಕೊಳ್ಳಬಹುದು ಎಂಬ ಆಚಾರವನ್ನು ಪ್ರಿವಿ ಕೌನ್ಸಿಲ್ ೧೮೭೮ರಲ್ಲಿ ಎತ್ತಿಹಿಡಿಯಿತು. ಬ್ಯಾರಿಸ್ಟರ್ ಚಂಪತರಾಯ ಜೈನರು ಭದ್ರಬಾಹು ಸಂಹಿತೆ, ಅರ್ಹನ್ನೀತಿ ಮುಂತಾದವುಗಳಿಂದ ಆಯ್ದು ೧೯೨೬ರಲ್ಲಿ ಜೈನ ಕಾನೂನಿನ ಗ್ರಂಥವೊಂದನ್ನು ಸಿದ್ಧಪಡಿಸಿದರು. ಅದರಲ್ಲೂ ವಿಧವೆಯ ಸ್ಥಾನ ಎತ್ತರದ್ದೇ. ಗುಜರಾತಿನ ಕುಮಾರಪಾಲ ಹನ್ನೆರಡನೆಯ ಶತಮಾನದಲ್ಲಿ ಹೇಮಚಂದ್ರಾಚಾರ್ಯರ ಪ್ರಭಾವದಿಂದ, ಮಕ್ಕಳಿಲ್ಲದೆ ಸತ್ತವರ ಧನವನ್ನು ರಾಜನು ಸೆಳೆದುಕೊಳ್ಳುವ ಪದ್ಧತಿಯನ್ನು ಬಿಟ್ಟನೆಂಬ ಕಥನವನ್ನೂ ಇಲ್ಲಿ ನೆನೆಯಬಹುದು. ಆದರೆ ಸಮಾನಾಂಶದ ಮಗಳು ಮಾತ್ರ ಯಾವ ತೀರ್ಪಿನೊಳಗೂ ಬರಲಿಲ್ಲ. ೧೯೫೬ರ ಕಾಯಿದೆ ಜೈನರನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿತು. ಅಲ್ಲಿಗೆ ಪ್ರತ್ಯೇಕ ಆಚಾರದ ಕಥೆ ಬಹುಮಟ್ಟಿಗೆ ಮುಗಿಯಿತು.

ಈ ನಡುವೆ ಕಲ್ಯಾಣವೂ ಹುಮನಾಬಾದೂ ನಿಜಾಮನ ರಾಜ್ಯಕ್ಕೆ ಸೇರಿದ್ದವು. ಮೈಸೂರು ಸಂಸ್ಥಾನ ೧೯೩೩ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಮಾಡಿತು. ಬ್ರಿಟಿಷ್ ಭಾರತ ೧೯೩೭ರಲ್ಲಿ ವಿಧವೆಯರಿಗೆ ಗಂಡನ ಪಾಲಿನಲ್ಲಿ ಹಕ್ಕು ಕೊಟ್ಟಿತು. ನಿಜಾಮನ ಸೀಮೆ ಆ ಎರಡರ ಹೊರಗಿತ್ತು. ಮಿತಾಕ್ಷರಾ ಹುಟ್ಟಿದ ಊರಿನ ಹೆಣ್ಣಿಗೇ ಮಿತಾಕ್ಷರಾದ ತಿದ್ದುಪಡಿಗಳು ತಡವಾಗಿ ತಲುಪಿದವು.

೧೯೫೬ರ ನವೆಂಬರ್ ಒಂದರಂದು ಹಳೆಯ ಬೀದರ ಜಿಲ್ಲೆ ಮೂರಾಗಿ ಒಡೆಯಿತು. ಹುಮನಾಬಾದ್, ಕಲ್ಯಾಣಗಳು ಮೈಸೂರಿಗೆ, ಜಹೀರಾಬಾದ್ ಆಂಧ್ರಕ್ಕೆ, ನಿಲಂಗಾ, ಉದಗೀರಗಳು ಮುಂಬಯಿಗೆ. ಮನೆತನಗಳು ಮಾತ್ರ ಒಡೆಯಲಿಲ್ಲ. ಹೆಣ್ಣು ಕೊಡುವುದು, ತರುವುದು ಹಿಂದಿನಂತೆ ನಡೆಯಿತು. ೧೯೫೬ರ ಕಾಯಿದೆ ಮಗಳಿಗೆ ತಂದೆಯ ಪಾಲಿನಲ್ಲಿ ಪಾಲು ಕೊಟ್ಟಿತೇ ಹೊರತು ಹುಟ್ಟಿನ ಹಕ್ಕು ಕೊಟ್ಟಿರಲಿಲ್ಲ. ಆ ಕೊರತೆಯನ್ನು ಆಂಧ್ರಪ್ರದೇಶ ೧೯೮೫ರ ಸೆಪ್ಟೆಂಬರ್ ೫ರಿಂದ, ಮಹಾರಾಷ್ಟ್ರ ೧೯೯೪ರ ಜೂನ್ ೨೨ರಿಂದ, ಕರ್ನಾಟಕ ೧೯೯೪ರ ಜುಲೈ ೩೦ರಿಂದ ತುಂಬಿದವು. ಎಲ್ಲ ಕಡೆಯೂ ಒಂದೇ ಷರತ್ತು: ಆ ದಿನಕ್ಕೆ ಮೊದಲು ಮದುವೆಯಾದವಳಿಗೆ ಇದು ಸಲ್ಲದು. ೧೯೯೦ರಲ್ಲಿ ಮದುವೆಯಾದ ಮೂವರು ಹೆಣ್ಣುಮಕ್ಕಳನ್ನು ಊಹಿಸಿಕೊಂಡರೆ ಇದರ ಪರಿಣಾಮ ತಿಳಿಯುತ್ತದೆ. ತವರು ಮತ್ತು ಜಮೀನು ಜಹೀರಾಬಾದಿನಲ್ಲಿದ್ದವಳು ಅಣ್ಣತಮ್ಮಂದಿರಿಗೆ ಸಮಾನಳು. ಅದೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಬಂದರೆ ಸಿಗುವ ಹುಮನಾಬಾದಿನವಳು ಅಲ್ಲ. ನಿಲಂಗಾದವಳೂ ಅಲ್ಲ. ಮೂವರ ಅಜ್ಜಂದಿರೂ ಒಂದೇ ಜಿಲ್ಲೆಯ ಒಂದೇ ಕಚೇರಿಗೆ ಕಂದಾಯ ಕಟ್ಟಿದವರು.

೨೦೦೫ರ ಸೆಪ್ಟೆಂಬರ್ ೯ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಈ ಗೆರೆಗಳನ್ನು ಅಳಿಸಿ ಮಗಳನ್ನು ಹುಟ್ಟಿನಿಂದಲೇ ಸಹಭಾಗಿಯನ್ನಾಗಿ ಮಾಡಿತು. ಅದರ ಅರ್ಥವನ್ನು ಕುರಿತ ಗೊಂದಲ ಇನ್ನೂ ಹದಿನೈದು ವರ್ಷ ಉಳಿಯಿತು. ಕರ್ನಾಟಕದಿಂದಲೇ ಹೋದ ಎರಡು ಮೊಕದ್ದಮೆಗಳಲ್ಲಿ ಸುಪ್ರೀಂ ಕೋರ್ಟು ಎರಡು ಬಗೆಯಾಗಿ ಹೇಳಿತು. ೨೦೧೫ರ ಫೂಲವತಿ ಪ್ರಕರಣದಲ್ಲಿ, ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂದಿತು; ೨೦೧೮ರ ದಾನಮ್ಮ ಪ್ರಕರಣದಲ್ಲಿ, ೨೦೦೧ರಲ್ಲೇ ತೀರಿಕೊಂಡ ತಂದೆಯ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತು. ೨೦೨೦ರ ಆಗಸ್ಟ್ ೧೧ರಂದು ಮೂವರು ನ್ಯಾಯಮೂರ್ತಿಗಳ ಪೀಠ ವಿನೀತಾ ಶರ್ಮಾ ಪ್ರಕರಣದಲ್ಲಿ, ಮಗಳ ಹಕ್ಕು ಹುಟ್ಟಿನದು, ತಂದೆ ಅಂದು ಬದುಕಿರಬೇಕಾದದ್ದಿಲ್ಲ ಎಂದು ಇತ್ಯರ್ಥ ಮಾಡಿತು. ಜಿನಸೇನರು ಕೊಟ್ಟ ಸಮಾನಾಂಶವನ್ನು ವಿಜ್ಞಾನೇಶ್ವರನ ಜನ್ಮಸ್ವತ್ವದ ಮೂಲಕ ಮಗಳಿಗೆ ಮುಟ್ಟಿಸಲು ಹನ್ನೊಂದು ಶತಮಾನಗಳು ಹಿಡಿದವು.

ಹಕ್ಕು ಬಂತು, ಅದು ಉಳಿಯುತ್ತದೆಯೇ ಎಂಬುದು ಬೇರೆ ಮಾತು. ತಂದೆ ತೀರಿಕೊಂಡ ಕೆಲವೇ ತಿಂಗಳಲ್ಲಿ ಅಕ್ಕತಂಗಿಯರನ್ನು ಕರೆಸಿ, ಸೀರೆ ಕುಪ್ಪಸ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಈ ಭಾಗದಲ್ಲಿ ಮದುವೆ ಮುಂಜಿಯಷ್ಟೇ ಸಹಜವಾದ ಸಂಗತಿ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯೇ ಅಲ್ಲಿ ನಿಜವಾದ ಸಹಿ. ನೋಂದಾಯಿತ ಬಿಡುಗಡೆ ಪತ್ರಕ್ಕೆ ಒಮ್ಮೆ ಸಹಿ ಬಿದ್ದರೆ ಅದನ್ನು ಮುರಿಯುವುದು ಕಷ್ಟ. ಬಾಯಿಮಾತಿನ ಬಿಡುಗಡೆಗೆ ಮಾತ್ರ ಬೆಲೆಯಿಲ್ಲ. ಹಾಗೆಯೇ 'ನಮ್ಮಲ್ಲಿ ಹಿಂದೆಯೇ ಬಾಯಿಮಾತಿನಲ್ಲಿ ಪಾಲಾಗಿದೆ' ಎಂಬ ವಾದವನ್ನೂ ೨೦೨೦ರ ತೀರ್ಪು ಸುಲಭವಾಗಿ ಒಪ್ಪುವುದಿಲ್ಲ. ೨೦೦೪ರ ಡಿಸೆಂಬರ್ ೨೦ಕ್ಕೆ ಮುಂಚಿನ ನೋಂದಾಯಿತ ಪತ್ರವೋ ನ್ಯಾಯಾಲಯದ ಡಿಕ್ರಿಯೋ ಇದ್ದರೆ ಸರಿ, ಇಲ್ಲವಾದರೆ ಸರ್ಕಾರಿ ದಾಖಲೆಗಳ ಬಲವಾದ ಬೆಂಬಲವಿರಬೇಕು.

ಹಾಗಾದರೆ ಇಂದಿನ ಗೃಹಸ್ಥನು ಏನು ಮಾಡಬೇಕು? ಮೊದಲು ತನ್ನ ಆಸ್ತಿಯನ್ನು ವಿಜ್ಞಾನೇಶ್ವರನ ಕಣ್ಣಿನಿಂದ ವಿಂಗಡಿಸಿಕೊಳ್ಳಬೇಕು. ಹಿರಿಯರ ಅವಿಭಕ್ತ ಆಸ್ತಿಯಲ್ಲಿ ಅವನು ಬರೆಯಬಹುದಾದದ್ದು ತನ್ನ ಅಂಶವನ್ನು ಮಾತ್ರ. ಅದಕ್ಕೂ ೧೯೫೬ರ ಕಾಯಿದೆಯ ೩೦ನೆಯ ಪ್ರಕರಣವೇ ಅವಕಾಶ ಕೊಟ್ಟದ್ದು. ಹಳೆಯ ಮಿತಾಕ್ಷರ ನ್ಯಾಯದಲ್ಲಿ ಅವಿಭಕ್ತನ ಮೃತ್ಯುಪತ್ರಕ್ಕೆ ಎಡೆಯೇ ಇರಲಿಲ್ಲ, ಅವನ ಅಂಶ ಉಳಿದವರಲ್ಲಿ ಸೇರಿಹೋಗುತ್ತಿತ್ತು. ಸ್ವಯಾರ್ಜಿತವನ್ನು ಯಾರಿಗಾದರೂ ಬರೆಯಬಹುದು. ಇಲ್ಲಿ ಊರಿನ ಪಂಚಾಯಿತಿಗಳಲ್ಲಿ ತಪ್ಪುವ ಒಂದು ಸೂಕ್ಷ್ಮವಿದೆ: ತಂದೆಯಿಂದ ಬಂದದ್ದೆಲ್ಲ ಪಿತ್ರಾರ್ಜಿತವಲ್ಲ. ೧೯೫೬ರ ಬಳಿಕ ತಂದೆಯ ಸ್ವಯಾರ್ಜಿತವು ಕಾಯಿದೆಯ ೮ನೆಯ ಪ್ರಕರಣದಂತೆ ಮಗನಿಗೆ ಬಂದರೆ ಅದು ಮಗನ ಸ್ವಂತ ಆಸ್ತಿ, ಮೊಮ್ಮಕ್ಕಳಿಗೆ ಅದರಲ್ಲಿ ಹುಟ್ಟಿನ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟು ೧೯೮೬ರಲ್ಲಿ ಚಂದರ್ ಸೇನ್ ಪ್ರಕರಣದಲ್ಲಿ ಹೇಳಿದೆ. ಏನೂ ಬರೆಯದೆ ಸತ್ತರೆ ಅದೇ ಪ್ರಕರಣದಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳ ಜೊತೆಗೆ ಸತ್ತವನ ತಾಯಿಗೂ ಸಮಪಾಲು. ಮುದುಕಿಯ ಈ ಪಾಲನ್ನು ಮರೆಯುವ ಮನೆಗಳೇ ಹೆಚ್ಚು. ನೆರೆಯ ಮುಸ್ಲಿಂ ಮನೆಯಲ್ಲಿ ನ್ಯಾಯ ಬೇರೆ. ಅಲ್ಲಿ ಮೃತ್ಯುಪತ್ರದಿಂದ ಕೊಡಬಹುದಾದದ್ದು ಮೂರನೆಯ ಒಂದು ಭಾಗ ಮಾತ್ರ, ಉಳಿದದ್ದು ನಿಗದಿಯಾದ ವಾರಸುದಾರರದು. ಆ ಮೂರನೆಯ ಒಂದು ಭಾಗ ಜಿನಸೇನರ ಧರ್ಮಭಾಗವನ್ನು ನೆನಪಿಗೆ ತರುತ್ತದೆ. ಸಂಬಂಧ ಕಲ್ಪಿಸುವ ಅಗತ್ಯವಿಲ್ಲ.

ಹೆಣ್ಣು ತನ್ನ ಆಸ್ತಿಗೆ ಮೃತ್ಯುಪತ್ರ ಬರೆಯುವುದು ಗಂಡು ಬರೆಯುವುದಕ್ಕಿಂತ ಹೆಚ್ಚು ಅಗತ್ಯವೆಂಬುದನ್ನು ತೋರಿಸುವ ಮೊಕದ್ದಮೆಯೊಂದನ್ನು ಸುಪ್ರೀಂ ಕೋರ್ಟು ೨೦೦೯ರಲ್ಲಿ ತೀರ್ಮಾನಿಸಿತು. ಮದುವೆಯಾದ ಮೂರೇ ತಿಂಗಳಿಗೆ ಗಂಡನನ್ನು ಹಾವು ಕಚ್ಚಿ ಕೊಂದಿತು. ಅತ್ತೆಯ ಮನೆಯವರು ಹೊರಹಾಕಿದರು. ತಂದೆತಾಯಿ ಓದಿಸಿದರು, ಅವಳು ನೌಕರಿ ಹಿಡಿದು ಜೀವನವಿಡೀ ದುಡಿದು ಹಣ ಕೂಡಿಟ್ಟಳು. ೧೯೯೬ರಲ್ಲಿ ಮೃತ್ಯುಪತ್ರವಿಲ್ಲದೆ ತೀರಿಕೊಂಡಳು. ಮಕ್ಕಳಿಲ್ಲದ ಹೆಣ್ಣಿನ ಸ್ವಯಾರ್ಜಿತ ಗಂಡನ ವಾರಸುದಾರರಿಗೆ ಸೇರಬೇಕೆಂಬ ೧೫ನೆಯ ಪ್ರಕರಣದಂತೆ, ಅವಳ ಗಳಿಕೆಯೆಲ್ಲ ಅವಳನ್ನು ಹೊರಹಾಕಿದ ಮನೆಯ ನಾದಿನಿಯ ಮಕ್ಕಳಿಗೆ ಹೋಯಿತು. ಸಹಾನುಭೂತಿಯಿಂದ ಕಾನೂನನ್ನು ಬದಲಿಸಲಾಗದೆಂಬುದು ನ್ಯಾಯಾಲಯದ ನಿಲುವು. ಎರಡು ಸಾಲಿನ ಒಂದು ಕಾಗದ ಅದನ್ನು ಬದಲಿಸುತ್ತಿತ್ತು.

ಆ ಕಾಗದಕ್ಕೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ನೋಂದಾಯಿಸಿದರೆ ಮುಂದೆ ಸಂಶಯಕ್ಕೆ ಎಡೆ ಕಡಿಮೆ. ಬರೆದವನು ಸ್ಥಿರಬುದ್ಧಿಯಲ್ಲಿರಬೇಕು, ಇಬ್ಬರು ಸಾಕ್ಷಿಗಳ ಸಹಿಯಿರಬೇಕು. ಪಾಲು ಪಡೆಯುವವನೇ ಸಾಕ್ಷಿಯಾಗದಿರುವುದು ವಿವೇಕ, ಬರೆದವನಿಗಿಂತ ಕಿರಿಯ ವಯಸ್ಸಿನ ಸಾಕ್ಷಿಗಳನ್ನು ಆರಿಸುವುದು ಇನ್ನೂ ದೊಡ್ಡ ವಿವೇಕ. ಬ್ಯಾಂಕಿನಲ್ಲಿ ನಾಮಿನಿ ಹೆಸರು ಬರೆಸಿದ್ದೇ ಸಾಕೆಂದು ತಿಳಿಯುವುದು ತಪ್ಪು. ನಾಮಿನಿ ಹಣ ಪಡೆಯುವವನು, ಸಾಮಾನ್ಯವಾಗಿ ಒಡೆಯನಲ್ಲ.

ಎಲ್ಲವನ್ನೂ ಬಿಟ್ಟವರಿಗೂ ವಾರಸುದಾರರುಂಟು. ವಾನಪ್ರಸ್ಥ, ಯತಿ, ಬ್ರಹ್ಮಚಾರಿಗಳ ಸೊತ್ತು ಯಾರಿಗೆಂಬ ವಚನಕ್ಕೆ ವ್ಯಾಖ್ಯಾನ ಬರೆಯುವಾಗ ವಿಜ್ಞಾನೇಶ್ವರ ತಾನೇ ಆಕ್ಷೇಪ ಎತ್ತುತ್ತಾನೆ: ಯತಿಗೆಲ್ಲಿಯ ಆಸ್ತಿ? ಉತ್ತರವೂ ಅವನದೇ: ಹೊದೆಯುವ ಬಟ್ಟೆ, ಯೋಗದ ಪುಸ್ತಕ, ಪಾದುಕೆ. ಅವು ಸಚ್ಛಿಷ್ಯನಿಗೆ ಸಲ್ಲುತ್ತವೆ. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ ೧೮೧೭ರಲ್ಲಿ ಹುಟ್ಟಿ, ಹುಮನಾಬಾದಿನ ಪಕ್ಕದಲ್ಲಿ ಮಾಣಿಕನಗರವನ್ನು ನೆಲೆಗೊಳಿಸಿ, ೧೮೬೫ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳಿಗೆ ಮಕ್ಕಳಿರಲಿಲ್ಲ. ಪೀಠ ಸಹೋದರನ ಮಗನಾದ ಮನೋಹರ ಮಾಣಿಕಪ್ರಭುಗಳಿಗೆ ಬಂತು. ಅಲ್ಲಿ ಶಿಷ್ಯತ್ವ ಮತ್ತು ವಂಶ ಎರಡೂ ಒಂದೇ ಮನೆಯಲ್ಲಿ ಕೂಡಿದವು; ಕೂಡದ ಮಠಗಳ ಕಥೆಗಳು ನ್ಯಾಯಾಲಯಗಳಲ್ಲಿವೆ.

ಶ್ರಾವಕರಿಗೆ ಕೊನೆಯದಾಗಿ ಉಳಿಯುವುದು ಜಿನಸೇನರ ಮೊದಲ ಭಾಗ, ಧರ್ಮಕಾರ್ಯದ್ದು. 'ನನ್ನ ಆಸ್ತಿಯಲ್ಲಿ ಇಷ್ಟು ಧರ್ಮಕ್ಕೆ' ಎಂದಷ್ಟೇ ಬರೆದ ಮೃತ್ಯುಪತ್ರ ನಿಲ್ಲುವುದಿಲ್ಲ. ಧರ್ಮವೆಂಬ ಮಾತು ಬಹಳ ಅಸ್ಪಷ್ಟ, ನ್ಯಾಯಾಲಯ ಅದನ್ನು ನಡೆಸಿಕೊಡಲಾರದೆಂದು ರಣಛೋಡದಾಸ ಮತ್ತು ಪಾರ್ವತಿಬಾಯಿಯರ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ ೧೮೯೯ರಲ್ಲಿ ಹೇಳಿತು. ಯಾವ ಬಸದಿಗೆ, ಯಾವ ಟ್ರಸ್ಟಿಗೆ, ಆಹಾರದಾನಕ್ಕೋ ಶಾಸ್ತ್ರದಾನಕ್ಕೋ, ಎಷ್ಟು, ಯಾರ ಉಸ್ತುವಾರಿಯಲ್ಲಿ ಎಂದು ಹೆಸರಿಟ್ಟು ಬರೆಯಬೇಕು. ಚಾಲುಕ್ಯರ ನಾಡಿನಲ್ಲೇ, ವಿಜ್ಞಾನೇಶ್ವರನಿಗಿಂತ ನೂರು ವರ್ಷ ಮೊದಲು, ಗಂಡ ನಾಗದೇವನನ್ನು ಕಳೆದುಕೊಂಡು ಮಗ ಅಣ್ಣಿಗದೇವನನ್ನು ಬೆಳೆಸಿದ ಅತ್ತಿಮಬ್ಬೆ ಕೊಟ್ಟದ್ದು ಹೀಗೆಯೇ ಲೆಕ್ಕವಿಟ್ಟು: ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ, ಸಾವಿರದೈನೂರು ಜಿನಬಿಂಬ, ಲಕ್ಕುಂಡಿಯಲ್ಲಿ ಒಂದು ಬಸದಿ.